ಮೊದಲು ನೀರು, ಆಮೇಲೆ ಮೀನು

ಎರಡಡಿಯ ಗಾಜಿನ ತೊಟ್ಟಿ, ಒಂದು ಚೀಲ ಬಣ್ಣದ ಕಲ್ಲು, ಪುಟ್ಟ ಫಿಲ್ಟರು, ಎರಡು ಪ್ಲಾಸ್ಟಿಕ್ ಗಿಡ, ಜೊತೆಗೆ ಹತ್ತು ಹನ್ನೆರಡು ಮೀನು. ಭಾನುವಾರ ಸಂಜೆ ಎಲ್ಲವೂ ಒಂದೇ ಬಿಲ್ಲಿನಲ್ಲಿ ಮನೆಗೆ ಬರುತ್ತವೆ. ಮೂರು ನಾಲ್ಕು ದಿನದಲ್ಲಿ ನೀರು ಬೆಳ್ಳಗೆ ಮಬ್ಬಾಗುತ್ತದೆ, ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗುತ್ತವೆ, ಆಮೇಲೆ ಒಂದೊಂದಾಗಿ ಸಾಯುತ್ತವೆ. ಮನೆಯವರು ಮತ್ತೆ ಅಂಗಡಿಗೆ ಹೋಗಿ ಇನ್ನಾರು ತರುತ್ತಾರೆ. ಅವೂ ಹೋದ ಮೇಲೆ ‘ನಮಗೆ ಮೀನು ಆಗಿಬರುವುದಿಲ್ಲ’ ಎಂಬ ತೀರ್ಮಾನವಾಗಿ ತೊಟ್ಟಿ ಅಟ್ಟ ಸೇರುತ್ತದೆ. ಮನೆಗೆ ಬರಬೇಕಿದ್ದ ಕೆಟ್ಟದ್ದನ್ನು ಮೀನು ತನ್ನ ಮೇಲೆ ಎಳೆದುಕೊಂಡಿತು ಎಂದು ಸಮಾಧಾನ ಮಾಡಿಕೊಳ್ಳುವವರೂ ಇದ್ದಾರೆ. ಆ ಸಮಾಧಾನ ಒಂದು ತೊಂದರೆ ಮಾಡುತ್ತದೆ: ಮೀನು ಯಾಕೆ ಸತ್ತಿತು ಎಂದು ಯಾರೂ ಕೇಳದ ಹಾಗೆ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಮೊದಲ ತಿಂಗಳು ಸಾಯುವ ಮೀನುಗಳ ಸಾವಿಗೆ ಬಹುಪಾಲು ಒಂದೇ ಕಾರಣ. ಅದು ರಸಾಯನಶಾಸ್ತ್ರದ ಕಾರಣ. ಮೀನು ಸಾಕುವವರಿಗೆ ದಶಕಗಳಿಂದ ಗೊತ್ತಿರುವ ಕಾರಣ. ಬಿಲ್ಲು ಬರೆಯುವ ಹೊತ್ತಿಗೇ ಅದು ಹೆಚ್ಚುಕಡಿಮೆ ನಿಶ್ಚಯವಾಗಿಬಿಟ್ಟಿರುತ್ತದೆ. ಹಾಗಾಗಿ ಮೀನಿನ ಅಂಗಡಿಯನ್ನು ಅಳೆಯಲು ಒಂದೇ ಒಂದು ಮಾನದಂಡ ಆರಿಸಿಕೊಳ್ಳಿ ಎಂದರೆ ನಾನು ಹೇಳುವುದು ಇದು: ಹೊಸ ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ಮಾರದ ಅಂಗಡಿಯೇ ಒಳ್ಳೆಯ ಅಂಗಡಿ.

ಕಾರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಉಳಿದ ಮಾತೆಲ್ಲ ಇದರ ಮೇಲೆ ನಿಂತಿದೆ. ಮೀನು ತನ್ನ ದೇಹದ ತ್ಯಾಜ್ಯವನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ಉಳಿದ ಆಹಾರ, ಹಿಕ್ಕೆ ಕೊಳೆತಾಗಲೂ ಬರುವುದು ಅಮೋನಿಯಾವೇ. ಹೊಳೆಯಲ್ಲಿ, ಕೆರೆಯಲ್ಲಿ ಅದು ಅಗಾಧ ನೀರಿನಲ್ಲಿ ಕರಗಿ ಹೋಗುತ್ತದೆ. 50 ಲೀಟರಿನ ತೊಟ್ಟಿಯಲ್ಲಿ ಹೋಗಲು ಜಾಗವಿಲ್ಲ. ಅಲ್ಲಿ ಮೀನನ್ನು ಉಳಿಸುವುದು ಫಿಲ್ಟರಿನ ಸ್ಪಂಜಿನ ಮೇಲೆ, ಕಲ್ಲುಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನವೆರಡೂ ಅಲ್ಪ ಪ್ರಮಾಣದಲ್ಲೇ ವಿಷ. ಅಮೋನಿಯಾ ಕಿವಿರುಗಳನ್ನು ಸುಡುತ್ತದೆ, ನೈಟ್ರೈಟ್ ರಕ್ತ ಆಮ್ಲಜನಕ ಹೊರುವುದನ್ನು ತಡೆಯುತ್ತದೆ. ಕೊನೆಯದಾದ ನೈಟ್ರೇಟನ್ನು ವಾರಕ್ಕೊಮ್ಮೆ ಒಂದಷ್ಟು ನೀರು ಬದಲಿಸಿ ಹತೋಟಿಯಲ್ಲಿಡಬಹುದು. ಈ ಬ್ಯಾಕ್ಟೀರಿಯಾ ತಾವಾಗಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಂಗಡಿಯಿಂದ ಬಂದ ಹೊಸ ಫಿಲ್ಟರಿನಲ್ಲಿ ಅವು ಇಲ್ಲವೇ ಇಲ್ಲ. ಅಂದರೆ ಮೊದಲ ದಿನವೇ ಹನ್ನೆರಡು ಮೀನು ಬಿಟ್ಟರೆ ಅವು ತಮ್ಮದೇ ವಿಸರ್ಜನೆಯಲ್ಲಿ ಉಸಿರಾಡಬೇಕಾಗುತ್ತದೆ. ನೀರು ಕೆಟ್ಟಿತೆಂದು ಗಾಬರಿಯಾಗಿ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಕಲ್ಲು, ಸ್ಪಂಜುಗಳನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದರೆ, ಅಷ್ಟರಲ್ಲಿ ಹುಟ್ಟಿಕೊಂಡಿದ್ದ ಅಷ್ಟಿಷ್ಟು ಬ್ಯಾಕ್ಟೀರಿಯಾವೂ ಕ್ಲೋರಿನ್ ತಾಗಿ ಸಾಯುತ್ತದೆ. ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿದರೆ ಸಾಕು.

ಇಲ್ಲಿ ನಮ್ಮ ಊರುಗಳ ನೀರಿನ ಮಾತು ಬರುತ್ತದೆ. ಅಮೋನಿಯಾ ಎಷ್ಟು ವಿಷವಾಗುತ್ತದೆ ಎಂಬುದು ನೀರಿನ ಪಿಎಚ್ ಮತ್ತು ಉಷ್ಣತೆಯ ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇ. 1ಕ್ಕೂ ಕಡಿಮೆ ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಸುಮಾರು ಶೇ. 5, ಎಂಟೂವರೆಗೆ ಏರಿದರೆ ಶೇ. 15ರ ಆಸುಪಾಸು. ಬಯಲುಸೀಮೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು, ಕ್ಷಾರೀಯ. ಅದೇ ಹನ್ನೆರಡು ಮೀನು, ಅದೇ ಆಹಾರ. ಕರಾವಳಿಯ ಜಂಬಿಟ್ಟಿಗೆ ಕಲ್ಲಿನ ನೆಲದ ಮೆದು ನೀರಿಗಿಂತ ಕೋಲಾರದ ಬೋರ್‌ವೆಲ್ ನೀರಿನಲ್ಲಿ ಬೇಗ ಸಾಯುವ ಸಂಭವ ಹೆಚ್ಚು. ಹಾಗೆಂದು ಮೆದು ನೀರಿನವರು ನಿಶ್ಚಿಂತರಾಗುವಂತಿಲ್ಲ. ನೀರು ತೀರಾ ಆಮ್ಲೀಯವಾದರೆ ಬ್ಯಾಕ್ಟೀರಿಯಾದ ಕೆಲಸವೇ ಕುಂಟುತ್ತದೆ. ಗಪ್ಪಿ, ಮೋಲಿಗಳಿಗೆ ಗಡಸು ನೀರು ಒಗ್ಗುತ್ತದೆ, ನಿಯಾನ್ ಟೆಟ್ರಾ, ಡಿಸ್ಕಸ್‌ಗಳ ತವರು ಮೆದು ನೀರು. ನಗರದ ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ, ಅಂಗಡಿಗಳಲ್ಲಿ ಆಂಟಿ ಕ್ಲೋರಿನ್ ಎಂದು ಸಿಗುವ ಸೋಡಿಯಂ ಥಯೋಸಲ್ಫೇಟ್ ಹನಿಗಳು ಅದನ್ನು ತೆಗೆಯುತ್ತವೆ. ತನ್ನ ಊರಿನ ನೀರು ಎಂಥದು ಎಂದು ತಿಳಿದಿರುವುದು, ‘ನಿಮ್ಮ ಮನೆಗೆ ಬರುವುದು ನಲ್ಲಿ ನೀರೋ ಬೋರ್‌ವೆಲ್ಲೋ’ ಎಂದು ಕೇಳಿ ಅದಕ್ಕೆ ತಕ್ಕ ಮೀನು ತೋರಿಸುವುದು ಅಂಗಡಿಯವರ ಕೆಲಸ. ಬಟ್ಟೆ ಅಂಗಡಿಯಲ್ಲಿ ಅಳತೆ ಕೇಳದೆ ಅಂಗಿ ಕೊಡುವುದಿಲ್ಲ.

ಒಂದೇ ದಿನ ಮಾರಬಾರದು ಎಂದರೆ ಗಿರಾಕಿಯನ್ನು ಬರಿಗೈಲಿ ಕಳಿಸಬೇಕೆಂದಲ್ಲ. ಮೊದಲ ದಿನ ತೊಟ್ಟಿ, ಫಿಲ್ಟರು, ಹೀಟರು, ಪರೀಕ್ಷೆಯ ಕಿಟ್ ಮಾರಲಿ. ಫಿಲ್ಟರ್ ಓಡಿಸುತ್ತ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದರೆ ಅದು ಕೊಳೆತು ಅಮೋನಿಯಾ ಹುಟ್ಟುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಆಹಾರ. ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಿಕೊಂಡಾಗ ತೊಟ್ಟಿ ತಯಾರಾಯಿತು ಎಂದರ್ಥ. ಕಾಯುವ ದಿನಗಳನ್ನು ಕಡಿಮೆ ಮಾಡುವ ಉಪಾಯ ಅಂಗಡಿಯವರ ಕೈಯಲ್ಲೇ ಇದೆ: ತಮ್ಮ ರೋಗವಿಲ್ಲದ, ಹಳೆಯ ತೊಟ್ಟಿಯ ಫಿಲ್ಟರಿನಿಂದ ಒಂದು ತುಂಡು ಸ್ಪಂಜನ್ನು ಗಿರಾಕಿಗೆ ಕೊಡುವುದು. ಅದರಲ್ಲಿ ಬ್ಯಾಕ್ಟೀರಿಯಾ ಆಗಲೇ ನೆಲೆಸಿರುತ್ತದೆ. ಖರ್ಚು ಏನೂ ಇಲ್ಲ. ಒದ್ದೆಯಾಗಿ ಕಟ್ಟಿಕೊಟ್ಟು, ಅಂದೇ ಹೊಸ ಫಿಲ್ಟರಿಗೆ ಹಾಕಿಸಿದರೆ ಆಯಿತು. ತೊಟ್ಟಿ ತಯಾರಾದ ಮೇಲೂ ಮೊದಲ ಸಲಕ್ಕೆ ಮೂರು ನಾಲ್ಕು ಗಟ್ಟಿ ಜಾತಿಯ ಮೀನು, ಎರಡು ಮೂರು ವಾರ ಬಿಟ್ಟು ಉಳಿದವು. ಇದು ಅಂಗಡಿಗೆ ಬಂದು ಹೋಗುವ ಗಿರಾಕಿಯನ್ನು ಉಳಿಸಿಕೊಳ್ಳುವ ದಾರಿಯೂ ಹೌದು.

ಅಂಗಡಿಯೊಳಗಿನ ಪಾಲನೆಗೂ ಅಳತೆಗಳು ಇವೆ, ಅವು ಗುಟ್ಟಿನವಲ್ಲ. ಇಂಗ್ಲೆಂಡಿನಲ್ಲಿ 2018ರ ಪರವಾನಗಿ ನಿಯಮಗಳ ಪ್ರಕಾರ ಸಾಕುಪ್ರಾಣಿ ಮಾರಲು ಸ್ಥಳೀಯ ಆಡಳಿತದ ಲೈಸೆನ್ಸ್ ಬೇಕು. ಮೀನಿನ ಅಂಗಡಿಗಳಿಗೆ ಅದರ ಮಾರ್ಗಸೂಚಿ ನೀರಿನ ಗುಣವನ್ನು ಅಂಕಿಗಳಲ್ಲೇ ಹೇಳುತ್ತದೆ: ಸಿಹಿನೀರಿನ ತೊಟ್ಟಿಯಲ್ಲಿ ವಿಷರೂಪದ ಅಮೋನಿಯಾ ಲೀಟರಿಗೆ 0.02 ಮಿಲಿಗ್ರಾಂ ಮೀರಬಾರದು, ನೈಟ್ರೈಟ್ 0.2 ಮಿಲಿಗ್ರಾಂ ಮೀರಬಾರದು. ಎಷ್ಟು ಮೀನು ಇಡಬಹುದು ಎಂಬ ಪ್ರಶ್ನೆಗೂ ಅಲ್ಲಿ ನೀರೇ ಉತ್ತರ. ತಲೆಯೆಣಿಕೆಗಿಂತ ನೀರಿನ ಪರೀಕ್ಷೆ ಹೆಚ್ಚು ನಿಜ ಹೇಳುತ್ತದೆ. ನಮ್ಮಲ್ಲಿ ಅಂಥ ಅಂಕಿಗಳನ್ನು ಅಂಗಡಿಯವರ ಮುಂದಿಟ್ಟು ಕೇಳುವವರಿಲ್ಲದಿದ್ದರೂ ಗಿರಾಕಿಯ ಕಣ್ಣಿಗೆ ಕಾಣುವ ಗುರುತುಗಳು ಸಾಕಷ್ಟಿವೆ. ಸತ್ತ ಮೀನು ತೊಟ್ಟಿಯಲ್ಲೇ ತೇಲುತ್ತಿದೆಯೇ? ಮೀನುಗಳು ರೆಕ್ಕೆ ಮುದುಡಿಕೊಂಡು ಮೂಲೆ ಹಿಡಿದಿವೆಯೇ, ಮೈಯನ್ನು ಕಲ್ಲಿಗೆ ಉಜ್ಜುತ್ತಿವೆಯೇ? ಮೈಮೇಲೆ ರವೆ ಉದುರಿದಂಥ ಬಿಳಿ ಚುಕ್ಕೆ ಇದ್ದರೆ ಅದು ವೈಟ್ ಸ್ಪಾಟ್ ಪರೋಪಜೀವಿ. ಎಲ್ಲ ತೊಟ್ಟಿಗಳ ನೀರು ಒಂದೇ ಕೊಳವೆಯಲ್ಲಿ ಸುತ್ತುವ ವ್ಯವಸ್ಥೆಯಿದ್ದರೆ ಒಂದು ತೊಟ್ಟಿಯ ಚುಕ್ಕೆ ಎಲ್ಲ ತೊಟ್ಟಿಗಳ ಚುಕ್ಕೆಯೆಂದೇ ತಿಳಿಯಬೇಕು. ಈ ಪರೋಪಜೀವಿಯ ಜೀವನಚಕ್ರ ನಮ್ಮ ಉಷ್ಣತೆಯಲ್ಲಿ ಸುಮಾರು ಒಂದು ವಾರ. ಹಾಗಾಗಿ ಹೊಸದಾಗಿ ಬಂದ ಮೀನನ್ನು ಎರಡು ವಾರವಾದರೂ ಬೇರೆ ಇಟ್ಟು ಆಮೇಲೆ ಮಾರುವುದು ಕ್ರಮ. ಚೆನ್ನೈನ ಕೊಳತ್ತೂರಿನಂಥ ಸಗಟು ಕೇಂದ್ರಗಳಿಂದ ರಾತ್ರಿಯೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕುಲುಕಿಕೊಂಡು ಬಂದ ಮೀನನ್ನು ಅಂದೇ ಮಧ್ಯಾಹ್ನ ಇನ್ನೊಂದು ಚೀಲಕ್ಕೆ ಹಾಕಿ ಮಾರುವುದು ಆ ಮೀನಿಗೂ ಕೊಳ್ಳುವವರಿಗೂ ಮಾಡುವ ಅನ್ಯಾಯ. ‘ಈ ಮೀನು ಯಾವಾಗ ಬಂತು’ ಎಂದು ಕೇಳಿ. ನೇರ ಉತ್ತರ ಬರದಿದ್ದರೆ ಮುಂದಿನ ವಾರ ಬನ್ನಿ. ಔಷಧಿಯ ಹೆಸರಿನಲ್ಲಿ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನು ಬಿಡಿಸಿ ತೊಟ್ಟಿಗೆ ಸುರಿಯುವ ಸಲಹೆಯನ್ನೂ ಒಪ್ಪಬೇಡಿ. ಪರೋಪಜೀವಿಗೆ ಅದು ತಾಗುವುದಿಲ್ಲ, ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ ತಾಗಬಹುದು, ಔಷಧಕ್ಕೆ ಬಗ್ಗದ ರೋಗಾಣುಗಳನ್ನು ಬೆಳೆಸುವುದಂತೂ ಖಂಡಿತ. ಕೈಯಲ್ಲಿ ಗಾಯವಿರುವವರು ತೊಟ್ಟಿಗೆ ಕೈ ಹಾಕದಿರುವುದೂ ಒಳ್ಳೆಯದು. ಮೀನಿನಿಂದ ಮನುಷ್ಯರ ಚರ್ಮಕ್ಕೆ ಬರುವ ಮೈಕೋಬ್ಯಾಕ್ಟೀರಿಯಾ ಸೋಂಕು ಗುಣವಾಗಲು ತಿಂಗಳುಗಟ್ಟಲೆ ಬೇಕು.

ಮನೆಗೆ ಒಯ್ಯುವಾಗಿನ ಒಂದು ಸಲಹೆಯನ್ನು ಅಂಗಡಿಗಳು ಅರ್ಧ ಮಾತ್ರ ಹೇಳುತ್ತವೆ. ಚೀಲವನ್ನು ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು ಉಷ್ಣತೆ ಹೊಂದಿಸಿ ಎನ್ನುತ್ತಾರೆ, ಸರಿ. ಆದರೆ ಕಟ್ಟಿದ ಚೀಲದಲ್ಲಿ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ, ಅದರಿಂದ ಚೀಲದ ಅಮೋನಿಯಾ ಅಷ್ಟಾಗಿ ಕಾಡುವುದಿಲ್ಲ. ಚೀಲ ಬಿಚ್ಚಿದೊಡನೆ ಆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅಮೋನಿಯಾ ವಿಷರೂಪಕ್ಕೆ ತಿರುಗುತ್ತದೆ. ದೂರದಿಂದ ಬಂದ ಚೀಲವನ್ನು ಬಿಚ್ಚಿ ಗಂಟೆಗಟ್ಟಲೆ ಇಡಬಾರದು. ಕಟ್ಟಿದ ಹಾಗೇ ಹದಿನೈದು ಇಪ್ಪತ್ತು ನಿಮಿಷ ತೇಲಿಸಿ, ಬಿಚ್ಚಿದ ಮೇಲೆ ಮೀನನ್ನು ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಟ್ಟು, ಚೀಲದ ನೀರನ್ನು ಚೆಲ್ಲಿಬಿಡಿ.

ಮಾರಾಟದ ಎರಡನೆಯ ಹೊಣೆ ಅಳತೆಯ ಸತ್ಯ ಹೇಳುವುದು. ಅಂಗಡಿಯಲ್ಲಿ ಎರಡಿಂಚು ಇರುವ ಆಸ್ಕರ್ ಒಂದು ವರ್ಷದಲ್ಲಿ ಅಡಿಯ ಹತ್ತಿರ ಬೆಳೆಯುತ್ತದೆ. ‘ಶಾರ್ಕ್’ ಎಂದು ಮಕ್ಕಳಿಗೆ ಆಸೆ ಹುಟ್ಟಿಸಿ ಮಾರುವ ಬೂದು ಮೀನು ನಿಜಕ್ಕೆ ಪಂಗಾಸಿಯಸ್, ಸಾಕಣೆ ಕೊಳದ ಮೀನು. ಮೀಟರ್ ಉದ್ದ ದಾಟಬಲ್ಲದು. ಗಾಜಿನ ಪಾಚಿ ತಿನ್ನುತ್ತದೆಂದು ಕೊಡುವ ಸಕ್ಕರ್ ಒಂದೂವರೆ ಅಡಿಯಾಗುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು ಅಂಚಿನವರೆಗೆ ತುಂಬಿದರೂ ಸುಮಾರು 57 ಲೀಟರ್. ಇವುಗಳಲ್ಲಿ ಒಂದಕ್ಕೂ ಅದು ಸಾಲದು. ಗೋಲ್ಡ್‌ಫಿಷ್‌ನ ಕಥೆ ಇನ್ನೂ ಬೇಸರದ್ದು. ಸರಿಯಾಗಿ ಸಾಕಿದರೆ ಹತ್ತು ಹದಿನೈದು ವರ್ಷ ಬದುಕುವ, ಅಂಗೈಗಿಂತ ದೊಡ್ಡದಾಗುವ ಈ ಮೀನನ್ನು ಗುಂಡನೆಯ ಗಾಜಿನ ಬಟ್ಟಲಲ್ಲಿ ಹಾಕಿ ಮೇಜಿನ ಅಲಂಕಾರ ಮಾಡಿದ್ದೇವೆ. ಬಟ್ಟಲಿಗೆ ಫಿಲ್ಟರ್ ಕೂರುವುದಿಲ್ಲ, ಬಾಯಿ ಕಿರಿದಾದ್ದರಿಂದ ಗಾಳಿ ತಾಗುವ ನೀರಿನ ಮೇಲ್ಮೈಯೂ ಕಡಿಮೆ. ಇಟಲಿಯ ರೋಮ್ ನಗರ 2005ರಲ್ಲೇ ಇಂಥ ಬಟ್ಟಲುಗಳನ್ನು ನಿಷೇಧಿಸಿತು. ಫೈಟರ್ ಎಂದು ಕರೆಯುವ ಬೆಟ್ಟಾ ಮೀನು ಮೇಲ್ಮೈಗೆ ಬಂದು ನೇರವಾಗಿ ಗಾಳಿಯಿಂದಲೂ ಉಸಿರಾಡಬಲ್ಲದು. ಆ ಶಕ್ತಿಯೇ ಅದಕ್ಕೆ ಮುಳುವಾಗಿದೆ. ಪ್ಲಾಸ್ಟಿಕ್ ಲೋಟದಲ್ಲೂ ಬೇಗ ಸಾಯದ್ದರಿಂದ ಲೋಟವೇ ಅದರ ಮನೆಯೆಂದು ಮಾರುತ್ತಾರೆ. ಬೆಟ್ಟಾಕ್ಕೆ ಬೇಕಾದದ್ದು 24ರಿಂದ 28 ಡಿಗ್ರಿ ಬೆಚ್ಚಗಿನ, ಫಿಲ್ಟರಿರುವ ನೀರು. ಡಿಸೆಂಬರ್ ರಾತ್ರಿ 15 ಡಿಗ್ರಿಗೆ ಇಳಿಯುವ ಬೆಂಗಳೂರಿನಲ್ಲಿ ಹೀಟರ್ ಇಲ್ಲದೆ ಅದು ಸಿಗದು. ಕಲಬುರಗಿಯ ಬೇಸಿಗೆಯಲ್ಲಿ ತೊಂದರೆ ತಿರುವುಮುರುವು: 25 ಡಿಗ್ರಿಯ ನೀರು ಲೀಟರಿಗೆ ಎಂಟು ಮಿಲಿಗ್ರಾಂಗೂ ಹೆಚ್ಚು ಆಮ್ಲಜನಕ ಹಿಡಿದರೆ 35 ಡಿಗ್ರಿಯಲ್ಲಿ ಅದು ಏಳಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಮೀನಿನ ಬೇಡಿಕೆ ಏರಿರುತ್ತದೆ, ಮೇಲೆ ಕರೆಂಟೂ ಹೋಗುತ್ತದೆ. ಅಲ್ಲಿ ಫಿಲ್ಟರಿನ ಜೊತೆ ಬ್ಯಾಟರಿಯ ಏರ್‌ಪಂಪನ್ನೂ ಕೊಳ್ಳಲು ಹೇಳುವ ಅಂಗಡಿಯವರು ಸುಮ್ಮನೆ ಸಾಮಾನು ಮಾರುತ್ತಿದ್ದಾರೆಂದು ತಿಳಿಯಬೇಡಿ.

ಕೆಲವು ಮೀನುಗಳನ್ನಂತೂ ಮಾರಲೇಬಾರದು. ಗಾಜಿನಂತೆ ಒಳಗಿನ ಮುಳ್ಳು ಕಾಣುವ ಗ್ಲಾಸ್ ಫಿಶ್ ನಮ್ಮ ದೇಶದ ನದಿ, ಗದ್ದೆಗಳದ್ದೇ ಮೀನು. ಅದರ ಮೈಗೆ ಸೂಜಿಯಿಂದ ಬಣ್ಣ ಚುಚ್ಚಿ ಹೊಳೆಯುವ ಗೆರೆ ಎಳೆದು ಮಾರುವ ದಂಧೆ ಏಷ್ಯಾದಲ್ಲಿ ಬಹುಕಾಲ ನಡೆಯಿತು. ಮೀನಿನ ಗಾತ್ರಕ್ಕೆ ಆ ಸೂಜಿ ಎಷ್ಟು ದಪ್ಪ ಎಂದು ಯೋಚಿಸಿದರೆ ಸಾಕು. ಬಣ್ಣ ಕೆಲವು ತಿಂಗಳಲ್ಲಿ ಮಾಸುತ್ತದೆ, ಗಾಯದಿಂದ ಬರುವ ಸೋಂಕು ಉಳಿಯುತ್ತದೆ. ಇನ್ನು ಕೆಲವು ಮಿರುಗುವ ಟೆಟ್ರಾಗಳು ಬೇರೆ ಜೀವಿಯ ವಂಶವಾಹಿ ಸೇರಿಸಿ ಮಾಡಿದವು; ಅಂಥ ಕುಲಾಂತರಿ ಜೀವಿಗಳನ್ನು ಕೇಂದ್ರದ ಅನುಮತಿಯಿಲ್ಲದೆ ತರುವುದು, ಮಾರುವುದು 1989ರ ನಿಯಮಗಳ ಪ್ರಕಾರ ತಪ್ಪು. ವಾಸ್ತುವಿನ ಹೆಸರಿನಲ್ಲಿ ಸಾವಿರಾರು ರೂಪಾಯಿಗೆ ಕೈಬದಲಾಗುವ ಏಷ್ಯಾದ ಅರೋವಾನಾ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ದಾಖಲೆಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಮನೆಯವರಿಗೂ ಕಾನೂನಿನ ತೊಡಕು. ನಮ್ಮದೇ ಪಶ್ಚಿಮ ಘಟ್ಟದ ಹೊಳೆಗಳಲ್ಲಷ್ಟೇ ಇರುವ, ಮೈಯುದ್ದಕ್ಕೂ ಕೆಂಪು ಕಪ್ಪು ಗೆರೆಯ ‘ಮಿಸ್ ಕೇರಳ’ ಮೀನಿನ ಮೇಲೂ ವ್ಯಾಪಾರದ ಹೊಡೆತ ಬಿದ್ದಿದೆ. ಜಾಗತಿಕ ಕೆಂಪು ಪಟ್ಟಿಯಲ್ಲಿ ಅದು ಅಪಾಯಕ್ಕೆ ಸಿಲುಕಿದ ಪ್ರಭೇದ, ಹೊಳೆಯಿಂದ ಅಲಂಕಾರಕ್ಕಾಗಿ ಹಿಡಿದದ್ದೂ ಅದಕ್ಕೆ ಒಂದು ಕಾರಣ. ಕೊಳ್ಳುವಾಗ ‘ಇದು ಸಾಕಣೆಯಲ್ಲಿ ಹುಟ್ಟಿದ್ದೇ, ಹೊಳೆಯಿಂದ ಹಿಡಿದದ್ದೇ’ ಎಂಬ ಪ್ರಶ್ನೆ ಕೇಳುವ ಹಕ್ಕು ಗಿರಾಕಿಗಿದೆ.

ಇಷ್ಟೆಲ್ಲ ಒಂದು ಮೀನಿಗಾಗಿಯೇ ಎಂಬ ಮಾತು ಬಂದೇ ಬರುತ್ತದೆ. ಮೀನಿಗೆ ನೋವಾಗುವುದಿಲ್ಲ, ಅದರ ನೆನಪು ಮೂರು ಸೆಕೆಂಡಿನದು ಎಂಬುದು ಒಂದು ವಾದ. ನೆನಪಿನ ಮಾತು ಸುಳ್ಳೆಂದು ತಿಳಿಯಲು ಆಹಾರದ ಡಬ್ಬಿ ಕಂಡೊಡನೆ ಮುಂದೆ ಬಂದು ನಿಲ್ಲುವ ಮೀನುಗಳೇ ಸಾಕು. ನೋವಿನ ಬಗ್ಗೆ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ದೊಡ್ಡ ತಿರುವು. ಟ್ರೌಟ್ ಮೀನಿನ ತಲೆಯಲ್ಲಿ ನೋವು ಗ್ರಹಿಸುವ ನರತುದಿಗಳಿವೆ, ತುಟಿಗೆ ಆಮ್ಲ ಚುಚ್ಚಿದಾಗ ಅವು ಗಂಟೆಗಟ್ಟಲೆ ಆಹಾರ ಬಿಟ್ಟವು, ತುಟಿಯನ್ನು ಕಲ್ಲಿಗೆ ಉಜ್ಜಿದವು ಎಂದು ಅವರು ತೋರಿಸಿದರು. ಮಾರ್ಫಿನ್ ಕೊಟ್ಟಾಗ ಈ ಲಕ್ಷಣಗಳು ತಗ್ಗಿದ್ದನ್ನೂ ಕಂಡರು. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಮನುಷ್ಯರಲ್ಲಿ ನೋವಿನ ಅರಿವಿಗೆ ಬೇಕಾದ ಮಿದುಳಿನ ಹೊರಪದರ ಮೀನಿಗಿಲ್ಲ, ಆದ್ದರಿಂದ ಅದು ಬರಿಯ ಪ್ರತಿಕ್ರಿಯೆ ಎಂಬುದು ಅವರ ವಾದ. ಆದರೆ ಹಕ್ಕಿಗಳಿಗೂ ನಮ್ಮಂಥ ಹೊರಪದರವಿಲ್ಲ, ಅವುಗಳಿಗೆ ನೋವಾಗುವುದಿಲ್ಲ ಎಂದು ವಾದಿಸುವವರು ಈಗ ವಿರಳ. ಪ್ರಶ್ನೆ ಪೂರ್ತಿ ತೀರ್ಮಾನವಾಗುವ ತನಕ ಕಾಯುವ ಹೊರೆಯನ್ನು ಮೀನಿನ ಮೇಲೆ ಹಾಕುವುದು ನನಗೆ ಸರಿ ಕಾಣುವುದಿಲ್ಲ, ಅದೂ ಕೆಲವು ವಾರ ಕಾಯ್ದರೆ ತಪ್ಪಿಸಬಹುದಾದ ಸಂಕಟಕ್ಕೆ. ಮೀನು ತಿನ್ನುವ ಸಮಾಜ ಸಾಕುವ ಮೀನಿನ ಬಗ್ಗೆ ಯಾಕೆ ತಲೆಕೆಡಿಸಿಕೊಳ್ಳಬೇಕು ಎಂಬುದು ಇನ್ನೊಂದು ಮಾತು. ಊಟಕ್ಕೆ ಕೋಳಿ ಸಾಕುವವರೂ ಅದನ್ನು ಉಪವಾಸ ಕೆಡವಿ ಕೊಲ್ಲುವುದನ್ನು ಒಪ್ಪುವುದಿಲ್ಲ. ಅಲಂಕಾರದ ಮೀನನ್ನು ಕೊಳ್ಳುವುದು ಅದು ಬದುಕುವುದನ್ನು ನೋಡಲು. ಹಾಗಿದ್ದ ಮೇಲೆ ಅದರ ಸಾವು ಯಾರಿಗೂ ಉಪಯೋಗವಿಲ್ಲದ ಸಾವು.

ವ್ಯಾಪಾರಿಗಳ ಆಕ್ಷೇಪ ಹೆಚ್ಚು ತೂಕದ್ದು. ಬಾಡಿಗೆ, ಕರೆಂಟು, ಕೆಲಸದವರ ಸಂಬಳ ಎಲ್ಲ ಸಣ್ಣ ಮೀನಿನ ಸಣ್ಣ ಲಾಭದಲ್ಲೇ ಹುಟ್ಟಬೇಕು. ಇಂದು ಬೇಡವೆಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಇದು ನಿಜ, ಅದಕ್ಕೇ ಒಬ್ಬ ವ್ಯಾಪಾರಿಯ ಒಳ್ಳೆಯತನದ ಮೇಲೆ ಇದನ್ನು ಬಿಡಬಾರದು. ಎಲ್ಲರಿಗೂ ಒಂದೇ ನಿಯಮವಿದ್ದರೆ ಪಕ್ಕದ ಅಂಗಡಿಯ ಭಯವಿರುವುದಿಲ್ಲ. ಕೇಂದ್ರ 2017ರ ಮೇ ತಿಂಗಳಲ್ಲಿ ಅಕ್ವೇರಿಯಂ ಅಂಗಡಿಗಳಿಗೆಂದೇ ನಿಯಮಗಳನ್ನು ಹೊರಡಿಸಿತ್ತು. ಬಣ್ಣ ಹಾಕಿದ ಮೀನಿನ ನಿಷೇಧ, ನೋಂದಣಿ, ತಪಾಸಣೆಯಂಥ ಒಳ್ಳೆಯ ಅಂಶಗಳ ಜೊತೆಗೆ ನೂರೈವತ್ತಕ್ಕೂ ಹೆಚ್ಚು ಜಾತಿಯ ಮೀನುಗಳ ಮೇಲೆ ನಿರ್ಬಂಧವೂ ಅದರಲ್ಲಿತ್ತು. ಬೆಳೆಗಾರರು, ವ್ಯಾಪಾರಿಗಳು ಜೀವನೋಪಾಯದ ಪ್ರಶ್ನೆಯೆತ್ತಿ ಪ್ರತಿಭಟಿಸಿದರು, ಕೊನೆಗೆ ಸರ್ಕಾರ ಆ ನಿಯಮಗಳನ್ನೇ ಹಿಂಪಡೆಯಿತು. ಅತಿಯಾದ ಪಟ್ಟಿಯ ಜೊತೆ ಬೇಕಾದ ಭಾಗವೂ ಕೊಚ್ಚಿಹೋಯಿತು ಎಂಬುದೇ ನನ್ನ ವ್ಯಥೆ. ಈಗ ಉಳಿದಿರುವ ಮುಖ್ಯ ಆಸರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ ವ್ಯಾಖ್ಯೆಯಲ್ಲಿ ಮನುಷ್ಯರನ್ನು ಬಿಟ್ಟು ಎಲ್ಲ ಜೀವಿಗಳೂ ಪ್ರಾಣಿಗಳೇ, ಮೀನೂ ಸೇರಿ. ಕಿಕ್ಕಿರಿದು ತುಂಬಿದ್ದರಿಂದ, ಉಪವಾಸದಿಂದ ನರಳುವ ಪ್ರಾಣಿಯನ್ನು ಮಾರಾಟಕ್ಕಿಡುವುದು 11ನೇ ಕಲಮಿನಡಿ ಅಪರಾಧ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ, ಒಂದು ಜೋಡಿ ಗಪ್ಪಿಯ ಬೆಲೆ. ಹೊಸ ನಿಯಮ ಬರುವುದಾದರೆ ಜಾತಿಗಳ ಉದ್ದ ಪಟ್ಟಿಗಿಂತ ಮೂರು ನಾಲ್ಕು ಸರಳ ಶರತ್ತುಗಳು ಸಾಕು: ನೀರಿನ ವಾರದ ಪರೀಕ್ಷೆ ಬರೆದಿಡುವ ಒಂದು ಪುಸ್ತಕ, ಎರಡು ವಾರದ ಪ್ರತ್ಯೇಕ ವಾಸ, ಪ್ರತಿ ತೊಟ್ಟಿಯ ಮೇಲೆ ಮೀನು ಬೆಳೆಯುವ ಪೂರ್ಣ ಗಾತ್ರದ ಚೀಟಿ, ಹೊಸ ತೊಟ್ಟಿಗೆ ಅಂದೇ ಮೀನು ಇಲ್ಲ. ಇಂಗ್ಲೆಂಡಿನಲ್ಲಿ ಹದಿನಾರು ತುಂಬದ ಮಕ್ಕಳಿಗೆ ಪ್ರಾಣಿ ಮಾರುವಂತಿಲ್ಲ, ಅದನ್ನೂ ಸೇರಿಸಬಹುದು. ಇವು ಯಾವುದೂ ಸಣ್ಣ ಅಂಗಡಿಯನ್ನು ಮುಳುಗಿಸುವ ಖರ್ಚಲ್ಲ.

ಕೊನೆಯದಾಗಿ ಬೆಳೆದು ದೊಡ್ಡದಾದ ಮೀನನ್ನು ಏನು ಮಾಡುವುದು ಎಂಬ ಪ್ರಶ್ನೆಗೂ ಅಂಗಡಿಯೇ ಉತ್ತರಿಸಬೇಕು. ಪಾಪ, ಬದುಕಿಕೊಳ್ಳಲಿ ಎಂದು ಕೆರೆಗೆ ಬಿಡುವುದು ಬಹಳ ಜನ ಪುಣ್ಯವೆಂದೇ ತಿಳಿದಿರುವ ಅಪಾಯ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ದಕ್ಷಿಣ ಭಾರತದ ಕೆರೆ, ನದಿಗಳಲ್ಲಿ ಬೇರೂರಿದೆ. ಗಟ್ಟಿ ಚಿಪ್ಪಿನ ಮೈಯಿಂದ ಬಲೆ ಹರಿಯುತ್ತದೆ, ದಂಡೆ ಕೊರೆದು ಬಿಲ ಮಾಡುತ್ತದೆ, ಹಿಡಿದ ಬೆಸ್ತರಿಗೆ ಅದಕ್ಕೆ ಬೆಲೆಯೂ ಸಿಗುವುದಿಲ್ಲ. ಕೇರಳದಲ್ಲಿ 2018ರ ಪ್ರವಾಹದ ನಂತರ ಅಮೆಜಾನಿನ ಅರಾಪೈಮಾ, ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಮೀನುಗಳು ಬಲೆಗೆ ಬಿದ್ದವು. ತಾನು ಮಾರಿದ ಮೀನನ್ನು ಯಾವ ಗಾತ್ರದಲ್ಲಿ ತಂದರೂ ವಾಪಸು ತೆಗೆದುಕೊಳ್ಳುತ್ತೇನೆಂದು ಅಂಗಡಿಯವರು ಬಿಲ್ಲಿನ ಮೇಲೆ ಬರೆದುಕೊಡಲಿ. ಹಣ ಮರಳಿಸಬೇಕಿಲ್ಲ. ಹಾಗೆ ಬರೆದುಕೊಡಬೇಕಾದವರು ಎರಡಡಿಯ ತೊಟ್ಟಿಯವರಿಗೆ ಪಂಗಾಸಿಯಸ್ ಮರಿ ತೋರಿಸುವ ಮುನ್ನ ಯೋಚಿಸುತ್ತಾರೆ. ಗಿರಾಕಿಗಳು ತೊಟ್ಟಿ ಕೊಳ್ಳುವ ದಿನವೇ ಈ ಸಾಲನ್ನು ಕೇಳಿ ಬರೆಸಿಕೊಳ್ಳಬೇಕು, ಯಾಕೆಂದರೆ ಆಸ್ಕರ್ ಅಡಿಯಷ್ಟಾದ ಮೇಲೆ ಕೇಳಿದರೆ ಸಿಗುವ ಉತ್ತರ ಬೇರೆ.